ತೊಳೆದು ಕಳಿಸಿದ ಪೆನ್‌ಡ್ರೈವ್

ಕೆಲವರಿಗೆ ಮನೆಯ ಸಾಮಾನುಗಳನ್ನು ಆಗಾಗ ಜಾಗ ಬದಲಿಸಿ ಇಡುವ ಚಟವಿರುತ್ತದೆ. ನಮ್ಮ ಓಣಿಯಲ್ಲೇ ಅಂಥವರೊಬ್ಬರಿದ್ದಾರೆ. ಸೋಮವಾರ ಕಿಟಕಿಯ ಕೆಳಗಿದ್ದ ಮಂಚ ಗುರುವಾರ ಬಾಗಿಲ ಹಿಂದೆ ಹೋಗಿರುತ್ತದೆ. ಅವರ ಯಜಮಾನರು ಕೆಲಸದಿಂದ ಬಂದು ಕೂರಲು ಹೋಗಿ, ಕುರ್ಚಿ ಇರಬೇಕಾದ ಜಾಗದಲ್ಲಿ ನೆಲ ಮುಟ್ಟಿದ ಪ್ರಸಂಗವೂ ಇದೆ. ನನಗೆ ಆ ಚಟವಿಲ್ಲ. ನನ್ನ ಮಂಚ ನಾನು ಹೈಸ್ಕೂಲಿನಲ್ಲಿದ್ದಾಗ ಎಲ್ಲಿತ್ತೋ ಈಗಲೂ ಅಲ್ಲೇ ಇದೆ. ಪುಸ್ತಕಗಳು ಎತ್ತರದ ಪ್ರಕಾರ ನಿಂತಿವೆ. ಚಪ್ಪಲಿಗಳು ಗೋಡೆಗೆ ಸಮಾಂತರವಾಗಿರುತ್ತವೆ. ನೋಡಿದವರು ನನ್ನನ್ನು ಸ್ಥಿರಚಿತ್ತದವಳೆಂದು ಹೊಗಳುತ್ತಾರೆ. ನಾನೂ ಅವರನ್ನು ತಿದ್ದಲು ಹೋಗುವುದಿಲ್ಲ. ನನ್ನ ಚಟ ಕಂಪ್ಯೂಟರಿನ ಒಳಗಿನದು. ಬಾಗಿಲು ಹಾಕಿಕೊಂಡು, ಸದ್ದಿಲ್ಲದೆ, ಯಾರ ಮೊಣಕಾಲಿಗೂ ಪೆಟ್ಟಾಗದಂತೆ ನಡೆಯುವಂಥದ್ದು. ಇದರಿಂದ ಯಾರಿಗೂ ತೊಂದರೆಯಿಲ್ಲವೆಂದು ಬಹಳ ದಿನ ನಂಬಿಕೊಂಡಿದ್ದೆ.

ವಿಷಯ ಇಷ್ಟೆ. ಯಾವ ಕಂಪ್ಯೂಟರೂ ತಾನಾಗಿ ಏನೂ ಮಾಡುವುದಿಲ್ಲ. ಅದನ್ನು ನಡೆಸಲು ತಳದಲ್ಲೊಂದು ವ್ಯವಸ್ಥೆ ಬೇಕು. ಹೆಚ್ಚಿನವರು ಅಂಗಡಿಯವರು ಹಾಕಿಕೊಟ್ಟದ್ದರಲ್ಲೇ, ಅದು ಎಷ್ಟು ಸತಾಯಿಸಿದರೂ, ಕಾಲ ಹಾಕುತ್ತಾರೆ. ಲಿನಕ್ಸ್ ಎಂಬುದು ಪುಕ್ಕಟೆ ಸಿಗುವ ಇನ್ನೊಂದು ವ್ಯವಸ್ಥೆ. ತೊಂದರೆಯೆಂದರೆ ಅದರಲ್ಲಿ ನೂರೆಂಟು ಬಗೆ. ಜೋಳದ ಹಿಟ್ಟು ಒಂದೇ ಆದರೂ ಒಂದು ಮನೆಯ ರೊಟ್ಟಿ ಇನ್ನೊಂದು ಮನೆಯ ರೊಟ್ಟಿಯಂತಿರುವುದಿಲ್ಲವಲ್ಲ, ಹಾಗೆ ಲಿನಕ್ಸನ್ನು ತಟ್ಟಿ ಬೇಯಿಸುವವರು ಲೋಕದ ತುಂಬ ಇದ್ದಾರೆ. ಒಬ್ಬರದು ತೆಳು, ಒಬ್ಬರದು ದಪ್ಪ, ಒಬ್ಬರದು ಎಳ್ಳು ಹಚ್ಚಿದ್ದು. ಹಳೆಯದನ್ನು ಅಳಿಸಿ ಹೊಸದನ್ನು ಹಾಕಿ ನೋಡಲು ಒಂದು ಪೆನ್‌ಡ್ರೈವ್ ಮತ್ತು ಒಂದು ಭಾನುವಾರ ಸಾಕು. ಮೂರು ವರ್ಷದಲ್ಲಿ ನಾನು ಒಂಬತ್ತು ಸಲ ಬದಲಿಸಿದ್ದೆ. ಅವ್ವ ಇವುಗಳ ಹೆಸರು ತಿಳಿಯುವ ಗೋಜಿಗೆ ಹೋಗಿಲ್ಲ. ಪರದೆಯ ಮೇಲೆ ಮೊದಲು ಮೂಡುವ ಚಿತ್ರದಿಂದ ಗುರುತು ಇಟ್ಟುಕೊಂಡಿದ್ದಾಳೆ. ಪುದೀನದ್ದು, ಟೋಪಿಯದ್ದು, ಶಂಖದಂಥ ಸುರುಳಿಯದ್ದು. ಭಾನುವಾರ ತಿಂಡಿ ಮುಗಿಸಿದವಳೇ ನಾನು ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತರೆ ಸಾಕು, ಪುದೀನ ಒಣಗಿತೇ ಎಂದು ಅಡುಗೆಮನೆಯಿಂದಲೇ ವಿಚಾರಿಸುತ್ತಾಳೆ.

ಯಾಕೆ ಹೀಗೆ ಬದಲಿಸುತ್ತೀ ಎಂದು ಕೇಳಿದವರಿಗೆ ಕೊಡಲು ನನ್ನಲ್ಲೊಂದು ಗಂಭೀರ ಉತ್ತರವಿತ್ತು: ಗೋಪ್ಯತೆ. ನನ್ನ ವಿಷಯ ನನ್ನಲ್ಲೇ ಇರಬೇಕು, ಎಲ್ಲಿಯೋ ಕೂತ ಯಾರೋ ಅದನ್ನು ನೋಡಬಾರದು, ಅದಕ್ಕೆ ಹೆಚ್ಚು ಹೆಚ್ಚು ಭದ್ರವಾದದ್ದನ್ನು ಹುಡುಕುತ್ತಿದ್ದೇನೆ ಎನ್ನುತ್ತಿದ್ದೆ. ನಾನು ಸಿರುಗುಪ್ಪದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಬಳ್ಳಾರಿಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ಬಸ್ಸಿನಲ್ಲಿ ಪಕ್ಕದವರ ಮೊಬೈಲು ನೋಡುವುದು ಕಿಟಕಿಯ ಹೊರಗಿನ ಭತ್ತದ ಗದ್ದೆ ನೋಡಿದಷ್ಟೇ ಸಹಜ. ಒಮ್ಮೆ ಒಬ್ಬರು ನಾನು ಓದುತ್ತಿದ್ದ ಪುಟವನ್ನು ನನಗಿಂತ ಮೊದಲು ಮುಗಿಸಿ, ಮುಂದಿನದಕ್ಕೆ ಸರಿಸಲು ಹೇಳಿದರು. ಅಂದಿನಿಂದ ಮಗ್ಗುಲಿನವರಿಗೆ ಕಾಣದಂತೆ ಮೊಬೈಲಿಗೆ ಕಪ್ಪು ಹಾಳೆ ಅಂಟಿಸಿದ್ದೇನೆ. ನಮ್ಮ ಊರಿನ ಬಿಸಿಲಿಗೆ ಈಗ ನನಗೂ ಏನೂ ಕಾಣುವುದಿಲ್ಲ. ಇರಲಿ, ಭದ್ರತೆಗೆ ಅಷ್ಟು ತ್ಯಾಗ ಬೇಕಾಗುತ್ತದೆ.

ಇನ್ನು ಅವ್ವನ ವಿಷಯ. ಅವ್ವ ಮೂವತ್ತು ವರ್ಷದಿಂದ ಕುಪ್ಪಸ ಹೊಲಿಯುತ್ತಾಳೆ. ನಮ್ಮ ಕಡೆ ಜಂಪರ್ ಎನ್ನುತ್ತಾರೆ. ಸುತ್ತಲಿನ ಮನೆಗಳಲ್ಲೆಲ್ಲ ಜೀನ್ಸ್ ಹೊಲಿಯುವ ಯಂತ್ರಗಳು ಬೆಳಗಿನಿಂದ ಗುರುಗುಟ್ಟುತ್ತಿದ್ದರೂ ಅವ್ವ ಆ ಕಡೆ ತಿರುಗಿ ನೋಡಿಲ್ಲ. ಜೀನ್ಸಿಗೆ ಇರುವುದು ನಂಬರು, ಮನುಷ್ಯರಿಗೆ ಇರುವುದು ಅಳತೆ ಎಂಬುದು ಅವಳ ವಾದ. ಅವಳ ಬಳಿ ಬರುವವರು ಅಳತೆಗೆಂದು ಹಳೆಯ ಜಂಪರ್ ತರಬೇಕಿಲ್ಲ. ಬಟ್ಟೆ ಕೊಟ್ಟು ಹೋದರೆ ಸಾಕು. ಎಲ್ಲ ಅವಳ ಪುಸ್ತಕದಲ್ಲಿರುತ್ತಿತ್ತು. ಆ ಪುಸ್ತಕದಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಒಬ್ಬರಿಗೆ ಬೇವಿನ ಎಲೆ, ಒಬ್ಬರಿಗೆ ಬೀಗದ ಕೈ, ಒಬ್ಬರಿಗೆ ಸಾಲಾಗಿ ಮೂರು ಚುಕ್ಕೆ. ಕುರುಗೋಡಿನಲ್ಲಿರುವ ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ ಗಿರಿಜತ್ತೆ, ಅದರಲ್ಲಿ ಬಾರಿಸುವ ಗಂಟೆಯಾಗಿದ್ದರು. ಅವರು ನಮ್ಮ ಓಣಿಯ ತುದಿಯಲ್ಲಿ ಮಾತಾಡಿದರೆ ನಮ್ಮ ಹಿತ್ತಲಿಗೆ ಕೇಳಿಸುತ್ತದೆ. ಇನ್ನೂ ಒಂದು ವಿಚಿತ್ರವೆಂದರೆ ಕೆಲವರ ಚಿತ್ರದ ಮುಂದೆ ಸುತ್ತಳತೆಗೆ ಎರಡು ಅಂಕೆಗಳಿದ್ದವು. ಒಂದಕ್ಕೆ ಸುತ್ತು ಹಾಕಿತ್ತು, ಇನ್ನೊಂದಕ್ಕೆ ಇಲ್ಲ.

ಕಳೆದ ವರ್ಷ ಆ ಪುಸ್ತಕದ ಹೊಲಿಗೆ ಬಿಟ್ಟು ಹಾಳೆಗಳು ಉದುರತೊಡಗಿದಾಗ, ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿಕೊಡುತ್ತೇನೆಂದು ನಾನೇ ಮುಂದೆ ಬಂದೆ. ಅವ್ವ ಒಲ್ಲೆನೆಂದಳು. ನಾನು ಬಿಡಲಿಲ್ಲ. ಒಂದು ವಾರ ಸಂಜೆ ಅವಳು ಚಿತ್ರ ನೋಡಿ ಹೆಸರು ಹೇಳುವುದು, ನಾನು ಹೆಸರು, ಊರು, ಓಣಿ ಎಲ್ಲ ಸ್ಪಷ್ಟವಾಗಿ ತುಂಬುವುದು ನಡೆಯಿತು. ಎರಡು ಅಂಕೆಗಳ ಮರ್ಮ ಕೇಳಿದಾಗ ಅವ್ವ, "ಸುತ್ತು ಹಾಕಿದ್ದು ಬಾಯಿಲೆ ಹೇಳೂದು. ಹಾಕದಿದ್ದದ್ದು ಕತ್ರಿಗೆ ಹೇಳೂದು," ಎಂದಳು. ಅಂದರೆ ತಮ್ಮದು ಮದುವೆಯಾದಾಗಿನ ಅಳತೆಯೇ ಎಂದು ನಂಬಿದವರಿಗೆ ಅವ್ವ ಆ ಅಳತೆಯನ್ನೇ ಗಟ್ಟಿಯಾಗಿ ಓದಿ ಹೇಳಿ, ಬಟ್ಟೆಯನ್ನು ಬೇರೆ ಅಂಕೆಗೆ ಕತ್ತರಿಸುತ್ತಿದ್ದಳು. ಜಂಪರ್ ಸರಿಯಾಗಿ ಕೂರುತ್ತಿತ್ತು. ತೊಟ್ಟವರು ಕನ್ನಡಿಯ ಮುಂದೆ ನಿಂತು ತಾವು ಒಂದು ಬೆರಳೂ ಬೆಳೆದಿಲ್ಲವೆಂದುಕೊಳ್ಳುತ್ತಿದ್ದರು.

ಸಂಖ್ಯಾಶಾಸ್ತ್ರ ಓದಿದವಳ ಕೈಗೆ ಇಂಥದ್ದು ಸಿಕ್ಕಬಾರದು. ನಾನು ‘ಹೇಳುವ ಅಳತೆ’ ಎಂದೊಂದು ಕಾಲಂ, ‘ನಿಜವಾದ ಅಳತೆ’ ಎಂದೊಂದು ಕಾಲಂ ಮಾಡಿದೆ. ಪಕ್ಕದಲ್ಲಿ ‘ವ್ಯತ್ಯಾಸ’ ಎಂದು ಇನ್ನೊಂದು. ಅಲ್ಲಿಗೇ ನಿಲ್ಲದೆ, ವ್ಯತ್ಯಾಸ ಹೆಚ್ಚಿದ್ದವರು ಮೇಲೆ, ಕಡಿಮೆಯಿದ್ದವರು ಕೆಳಗೆ ಬರುವಂತೆ ಇಡೀ ಪಟ್ಟಿಯನ್ನು ಜೋಡಿಸಿದೆ. ಕೇಳಿದರೆ ಕಾರಣ ಹೇಳಲಾರೆ. ಪುಸ್ತಕಗಳನ್ನು ಎತ್ತರದ ಪ್ರಕಾರ ನಿಲ್ಲಿಸುವವರಿಗೆ ಅರ್ಥವಾದೀತು. ಪಟ್ಟಿಯ ಮೊದಲನೆಯ ಸಾಲಿಗೆ ಗಿರಿಜತ್ತೆ ಬಂದರು: ಹೇಳುವುದು ಮೂವತ್ತಾರು, ನಿಜ ನಲವತ್ತೊಂದು, ವ್ಯತ್ಯಾಸ ಐದು. ಕೊನೆಯ ಸಾಲು ನನ್ನದು. ನನ್ನ ಚಿತ್ರ ಪುಸ್ತಕದಲ್ಲಿರಲಿಲ್ಲ. ಮನೆಯಲ್ಲೇ ಇರುವವಳನ್ನು ಯಾಕೆ ಬರೆಯುವುದೆಂದು ಅವ್ವ ಬಾಯಲ್ಲೇ ಹೇಳಿ ಬರೆಸಿದಳು: ಮೂವತ್ತೆರಡು. ಎಂ.ಎಸ್ಸಿ. ಸೇರಿದಾಗಿನ ಅಳತೆಯೇ. ವ್ಯತ್ಯಾಸ ಸೊನ್ನೆ. ಹೊಲಿಗೆ ಬಿಟ್ಟ ಪುಸ್ತಕವನ್ನು ಮರುದಿನವೇ ರದ್ದಿಗೆ ಹಾಕಿದೆ. ಆ ಸೊನ್ನೆಯನ್ನು ಮಾತ್ರ ಆಗಾಗ ತೆರೆದು ನೋಡುತ್ತಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಹತ್ತನೆಯ ಬದಲಾವಣೆಯ ಭಾನುವಾರ ಬಂತು. ಟೋಪಿಯದನ್ನು ತೆಗೆದು ಸುರುಳಿಯದನ್ನು ಹಾಕುವುದೆಂದು ತೀರ್ಮಾನವಾಗಿತ್ತು. ಇಂಥ ಕೆಲಸಕ್ಕೆ ಎರಡು ಪೆನ್‌ಡ್ರೈವ್ ಬೇಕು. ಒಂದರಲ್ಲಿ ಹೊಸ ವ್ಯವಸ್ಥೆ ಇರುತ್ತದೆ. ಇನ್ನೊಂದರಲ್ಲಿ ನಮ್ಮ ಕಡತಗಳನ್ನೆಲ್ಲ ಮೊದಲೇ ತೆಗೆದಿಟ್ಟುಕೊಳ್ಳಬೇಕು, ಯಾಕೆಂದರೆ ಹೊಸದು ಬರುವಾಗ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಗುಡಿಸಿಕೊಂಡೇ ಬರುತ್ತದೆ. ನಾನು ಎಲ್ಲವನ್ನೂ ಎರಡನೆಯದಕ್ಕೆ ಇಳಿಸಿ, ಇಳಿದದ್ದು ಸರಿಯಿದೆಯೇ ಎಂದು ಎರಡು ಸಲ ಪರೀಕ್ಷಿಸಿ, ಧೂಳು ತಾಗದಿರಲೆಂದು ಅಡುಗೆಮನೆಯಿಂದ ಗಟ್ಟಿ ಮುಚ್ಚಳದ ಒಂದು ಸಣ್ಣ ಸ್ಟೀಲ್ ಡಬ್ಬಿ ತಂದು ಅದರೊಳಗಿಟ್ಟು, ಡಬ್ಬಿಯನ್ನು ನಡುಮನೆಯ ಕಪಾಟಿನಲ್ಲಿಟ್ಟೆ. ಬಳ್ಳಾರಿಯಲ್ಲಿ ಧೂಳಿಗೆ ಹೆದರದವರು ಬುದ್ಧಿವಂತರಲ್ಲ. ಆದರೆ ಡಬ್ಬಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದ ಹೆಸರನ್ನು ನಾನು ಓದಲಿಲ್ಲ. ಓದುವವರು ಯಾರು? ಹುಟ್ಟಿದಾಗಿನಿಂದ ಪಾತ್ರೆಗಳ ಮೇಲೆ ಹೆಸರು ನೋಡಿ ನೋಡಿ ಕಣ್ಣಿಗೆ ಅದು ಕಾಣುವುದೇ ನಿಂತಿರುತ್ತದೆ.

ಅದು ಗಿರಿಜತ್ತೆಯ ಡಬ್ಬಿ. ಅದರ ವಿಷಯ ಸ್ವಲ್ಪ ಹೇಳಬೇಕು. ಯಾವ ಕಾಲದಲ್ಲೋ ಅವರು ಅದರಲ್ಲಿ ಅಗಸಿ ಚಟ್ನಿಪುಡಿ ಕಳಿಸಿದರು. ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದು. ಅವ್ವ ಅದನ್ನು ತೊಳೆದು ಅದರಲ್ಲಿ ಕರ್ಚಿಕಾಯಿ ಕಳಿಸಿದಳು. ಅಷ್ಟನ್ನು ತಿಂದು ಸುಮ್ಮನಿರಲಾದೀತೇ ಎಂದು ಅವರು ಮತ್ತೆ ಏನೋ ತುಂಬಿದರು. ಎರಡೂ ಮನೆಯವರು ಮರ್ಯಾದಸ್ಥರಾಗಿದ್ದರಿಂದ ಆ ಡಬ್ಬಿ ಇಂದಿಗೂ ನಿಂತಿಲ್ಲ. ಈಗ ಯಾರ ಸರದಿ ಎಂಬುದು ಅದರ ತೂಕದಿಂದಷ್ಟೇ ತಿಳಿಯುತ್ತದೆ.

ಹನ್ನೊಂದು ಗಂಟೆಗೆ ನಾನು ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಹೊಸ ವ್ಯವಸ್ಥೆ ಬಹಳ ಸೌಜನ್ಯದಿಂದ ಯಾವ ಭಾಷೆ, ಯಾವ ದೇಶ, ಯಾವ ಕೀಲಿಮಣೆ ಎಂದೆಲ್ಲ ಕೇಳಿತು. ಕೊನೆಗೆ, ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಸಿಗುವುದಿಲ್ಲ, ಮುಂದುವರಿಯಲೇ ಎಂದಿತು. ಈ ಪ್ರಶ್ನೆಗೆ ಹೂಂ ಎನ್ನುವಾಗ ಒಂದು ಬಗೆಯ ವೈರಾಗ್ಯದ ಸುಖವಿರುತ್ತದೆ. ಎಲ್ಲವನ್ನೂ ಬಿಟ್ಟು ಹೋಗುವವರ ಮುಖದಲ್ಲಿ ಇರಬಹುದಾದಂಥದ್ದು. ಅವರಿಗೂ ನನಗೂ ಇರುವ ವ್ಯತ್ಯಾಸವೆಂದರೆ ನನ್ನದೆಲ್ಲ ಕಪಾಟಿನ ಡಬ್ಬಿಯಲ್ಲಿ ಭದ್ರವಾಗಿತ್ತು. ನಾನು ಒತ್ತಿದೆ. ನೀಲಿ ಗೆರೆ ಎಡದಿಂದ ಬಲಕ್ಕೆ ನಿಧಾನವಾಗಿ ತೆವಳತೊಡಗಿತು.

ಅದೇ ಹೊತ್ತಿಗೆ ಅಪ್ಪ ಕುರುಗೋಡಿಗೆ ಹೊರಟಿದ್ದರು. ಬಸವೇಶ್ವರನ ದರ್ಶನ ಮುಗಿಸಿ, ಅಕ್ಕನ ಮನೆಯಲ್ಲಿ ಊಟ ಮಾಡಿ, ಸಂಜೆಯ ಬಸ್ಸಿಗೆ ಬರುವುದು ಅವರ ಕ್ರಮ.

ಸುರುಳಿಯದು ಬಂತು, ಆದರೆ ಬಂದದ್ದು ನನ್ನ ಹಳೆಯ ಕಂಪ್ಯೂಟರಿನ ವೈಫೈಯನ್ನು ಗುರುತಿಸಲಿಲ್ಲ. ತಪ್ಪು ಅದರದ್ದಲ್ಲ, ಯಂತ್ರದ ವಯಸ್ಸಿನದು. ಸೋಮವಾರ, ಮಂಗಳವಾರ ಎರಡು ಸಂಜೆ ನಾನು ವೈಫೈಯನ್ನು ಅದಕ್ಕೆ, ಅದನ್ನು ವೈಫೈಗೆ ಪರಿಚಯಿಸುವುದರಲ್ಲಿ ಕಳೆದೆ. ಕಡತಗಳನ್ನು ವಾಪಸು ಇಳಿಸಿಕೊಳ್ಳುವುದು ಐದು ನಿಮಿಷದ ಕೆಲಸ. ಅದಕ್ಕೇನು ಅವಸರ ಎಂದುಕೊಂಡಿದ್ದೆ. ಬುಧವಾರ ಸಂಜೆ ಅವ್ವ ಕತ್ತರಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. ಸಿರಿಗೇರಿಯ ಒಂದು ಮದುವೆಮನೆಯಿಂದ ಇಪ್ಪತ್ತಾರು ಜಂಪರಿನ ಬಟ್ಟೆ ಬಂದಿತ್ತು. ಅವರೆಲ್ಲ ಹಳಬರು, ಅಳತೆ ನಿಮ್ಮಲ್ಲೇ ಇದೆಯಲ್ಲ ಎಂದು ಬರೀ ಬಟ್ಟೆ ಕೊಟ್ಟು ಹೋಗಿದ್ದರು. ಮದುವೆ ಮುಂದಿನ ಶುಕ್ರವಾರ. ಪಟ್ಟಿ ತೆಗೆದುಕೊಡು ಎಂದಳು.

ನಾನು ಕಪಾಟಿನಿಂದ ಡಬ್ಬಿ ತಂದೆ. ಇಟ್ಟದ್ದಕ್ಕಿಂತ ಭಾರವಾಗಿತ್ತು. ಮುಚ್ಚಳ ತೆಗೆದರೆ ಒಳಗೆ ಶೇಂಗಾ ಉಂಡಿಗಳು. ನಡುವೆ, ಎಣ್ಣೆ ತಾಗದಿರಲೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿದ ನನ್ನ ಪೆನ್‌ಡ್ರೈವ್. ಅದನ್ನು ಬಿಡಿಸಿ ಕಂಪ್ಯೂಟರಿಗೆ ಚುಚ್ಚಿದೆ. ಅದರಲ್ಲಿ ಒಂದೇ ಒಂದು ಕಡತವಿತ್ತು. ತೆರೆದರೆ ಗಿರಿಜತ್ತೆಯ ಮೊಮ್ಮಗುವಿನ ತೊಟ್ಟಿಲ ಕಾರ್ಯದ ವಿಡಿಯೊ, ಮೂರು ಗಂಟೆಯದು. ಮೊದಲ ದೃಶ್ಯದಲ್ಲಿ ನಾನೇ ಒಂದು ಮೂಲೆಯಲ್ಲಿ, ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತಿದ್ದೆ.

ಡಬ್ಬಿ ಕುರುಗೋಡಿಗೆ ಹೋಗಿ ಬಂದಿತ್ತೆಂಬುದು ಅವ್ವ ಹೇಳಿದ ಮೇಲೆ ತಿಳಿಯಿತು. ಭಾನುವಾರ ಅಪ್ಪ ಹೊರಡುವಾಗ, ಅಕ್ಕಾರ ಡಬ್ಬಿ ಇಲ್ಲೇ ಉಳಿದಿದೆಯಲ್ಲ ಎಂದು ಅವ್ವ ಅದನ್ನು ಕೈಗೆತ್ತಿಕೊಂಡಳಂತೆ. ಖಾಲಿ ಕಳಿಸಬಾರದೆಂದು ಸಕ್ಕರೆ ತುಂಬಲು ಮುಚ್ಚಳ ತೆಗೆದರೆ ಒಳಗೆ ಪೆನ್‌ಡ್ರೈವ್. ತೊಟ್ಟಿಲ ಕಾರ್ಯದಲ್ಲಿ ನಾನು ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ಗಿರಿಜತ್ತೆ ಕೇಳಿದ್ದು, ಕಳಿಸುತ್ತೇನೆಂದು ನಾನು ಒಪ್ಪಿದ್ದು ಅವಳಿಗೆ ನೆನಪಿತ್ತು. ಮಗಳು ಎಷ್ಟು ಅಚ್ಚುಕಟ್ಟು, ಅವರದೇ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ ಎಂದು ಹೆಮ್ಮೆಪಟ್ಟು ಮುಚ್ಚಳ ಹಾಕಿ ಅಪ್ಪನ ಚೀಲಕ್ಕೆ ಹಾಕಿದಳು. ಬುಧವಾರ ಬೆಳಿಗ್ಗೆ ಅತ್ತೆಯ ಮಗ ಬಳ್ಳಾರಿಗೆ ಕೆಲಸಕ್ಕೆ ಬರುವಾಗ ಡಬ್ಬಿಯನ್ನು ಬಾಗಿಲಲ್ಲೇ ಕೊಟ್ಟು ಹೋಗಿದ್ದರು. ಅವ್ವ ಅದನ್ನು ಇದ್ದ ಜಾಗದಲ್ಲೇ ಇಟ್ಟಿದ್ದಳು.

ಗಿರಿಜತ್ತೆಯ ಸೊಸೆ ವೀಣಕ್ಕನಿಗೆ ಫೋನು ಮಾಡಿದೆ. ಆ ಮನೆಯಲ್ಲಿ ಲ್ಯಾಪ್‌ಟಾಪ್ ನಡೆಸಲು ಬರುವವರು ಅವರೊಬ್ಬರೇ. ವೀಣಕ್ಕ ಸಂತೋಷದಿಂದ ಎಲ್ಲ ಹೇಳಿದರು. ನಾವು ಕಳಿಸಿದ್ದನ್ನೆಲ್ಲ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳುವಂತೆ ಲ್ಯಾಪ್‌ಟಾಪಿಗೆ ಇಳಿಸಿಕೊಂಡರಂತೆ. ಆಮೇಲೆ ಪೆನ್‌ಡ್ರೈವನ್ನು ಖಾಲಿ ಹೇಗೆ ಕಳಿ‌ಸುವುದೆಂದು, ಒಳಗಿದ್ದದ್ದನ್ನೆಲ್ಲ ಅಳಿಸಿ ವಿಡಿಯೊ ತುಂಬಿದರಂತೆ. "ಎಂಜಲ ಡಬ್ಬಿ ಹಂಗ ಕಳಸಾಕ ಆಗ್ತೈತೇನು? ಪೂರಾ ತೊಳದ ಹಾಕೀನಿ," ಎಂದರು. ಫೋಟೊಗಳಿಗಾಗಿ ಒಂದೊಂದೇ ಕಡತ ತೆರೆದು ನೋಡಿದರಂತೆ. ಹಲವು ತೆರೆಯಲೇ ಇಲ್ಲವಂತೆ. ತೆರೆದದ್ದು ಒಂದೇ. ಜಂಪರಿನದು.

"ಓದಿದ್ರಾ?" ಎಂದೆ.

"ನಾ ಒಂದ ಸಲ ಓದಿ ಬಿಟ್ಟೆ. ಅತ್ತಿಯವರು ದಿನಾ ಮಧ್ಯಾಹ್ನ ಊಟ ಆದ ಮ್ಯಾಲೆ ಅದರ ಮುಂದ ಕುಂದರಾಕ ಹತ್ಯಾರ. ಇನ್ನೂ ಮೊದಲನೇ ಪುಟದಾಗ ಅದಾರ."

ಆ ಪಟ್ಟಿಯನ್ನು ಈಗಲೇ ಕಳಿಸಿಬಿಡಿ ಎಂದು ಬೇಡಿಕೊಂಡೆ. ಅವರು ಸ್ವಲ್ಪ ದನಿ ತಗ್ಗಿಸಿ, ಅದಾಗುವುದಿಲ್ಲ, ಕೊಡುವುದಾದರೆ ನಾನೇ ಹೋಗಿ ಕೊಟ್ಟು ಬರುತ್ತೇನೆಂದು ಅತ್ತೆ ಹೇಳಿದ್ದಾರೆ, ಶನಿವಾರ ಬರುತ್ತಾರೆ ಎಂದರು.

ಅವ್ವ ಕೂಗಾಡುವವಳಲ್ಲ. ಕತ್ತರಿಯನ್ನು ಯಂತ್ರದ ಮೇಲಿಟ್ಟು ಕೂತಳು. "ಮೂವತ್ತು ವರ್ಷ ಒಬ್ಬಾಕಿದು ಇನ್ನೊಬ್ಬಾಕಿ ಕಿವಿಗೆ ಬಿದ್ದಿಲ್ಲ. ಅಕ್ಕ ತಂಗಿ ಒಟ್ಟಿಗೆ ಬಂದ್ರೂ ಬ್ಯಾರೆ ಬ್ಯಾರೆ ಕರದು ಅಳತಿ ತಗಂಡೀನಿ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನೆನಪಿದ್ದಷ್ಟನ್ನಾದರೂ ಕತ್ತರಿಸಬಹುದಲ್ಲ ಎಂದು ನಾನು ಸೂಚಿಸಿದಾಗ, ನೆನಪಿನ ಮೇಲೆ ಕತ್ತರಿ ಆಡಿಸುವವರು ನಂಬಿಕೆಯ ಬಟ್ಟೆ ಕೆಡಿಸುತ್ತಾರೆ ಎಂದು ಎದ್ದು ಹೋದಳು. ಸಿರಿಗೇರಿಯವರಿಗೆ ಫೋನು ಮಾಡಿ ಅಳತೆಯ ಜಂಪರ್ ತರಿಸಿಕೊಳ್ಳೋಣವೆಂದರೆ, ಕಾರಣ ಕೇಳುತ್ತಾರೆ. ಕಾರಣ ಹೇಳಿದರೆ ಮದುವೆಮನೆ ತುಂಬ ಅದೇ ಮಾತು. ಅವ್ವನ ಬಳಿ ಇದ್ದದ್ದು ಆ ಒಂದು ನಂಬಿಕೆ. ಯಂತ್ರ ಯಾರಲ್ಲಾದರೂ ಇರುತ್ತದೆ.

ಮುಂದಿನ ಎರಡು ದಿನ ಸಿರುಗುಪ್ಪದ ಬಸ್ಸಿನಲ್ಲಿ ನಾನು ಮೊಬೈಲು ತೆಗೆಯಲಿಲ್ಲ. ತೆರೆಯದೆ ಉಳಿದ ಕಡತಗಳು ಯಾವುವೆಂದು ನನಗೆ ಗೊತ್ತಿತ್ತು: ನನ್ನ ದಿನಚರಿ. ಅದಕ್ಕೆ ಇಪ್ಪತ್ತೆರಡು ಅಕ್ಷರಗಳ ಗುಪ್ತಪದ ಹಾಕಿದ್ದೇನೆ. ಅದರೊಳಗೆ ಇರುವುದು ಯಾವ ದಿನ ಯಾವ ಲಿನಕ್ಸ್ ಹಾಕಿದೆ, ಎಷ್ಟು ಹೊತ್ತು ಹಿಡಿಯಿತು, ಯಾಕೆ ಬಿಟ್ಟೆ ಎಂಬ ವಿವರ; ಕಳ್ಳನಿಗೆ ಸಿಕ್ಕರೂ ಎರಡನೆಯ ಪುಟಕ್ಕೆ ಮುಚ್ಚಿಡುತ್ತಾನೆ. ನೂರಾ ಮೂವತ್ತೆರಡು ಹೆಂಗಸರ ಅಳತೆಗೆ ಮಾತ್ರ ಒಂದು ಅಕ್ಷರದ ಬೀಗವನ್ನೂ ನಾನು ಹಾಕಿರಲಿಲ್ಲ. ಅವ್ವ ಹಾಕಿದ್ದಳು. ಬೇವಿನ ಎಲೆ, ಬೀಗದ ಕೈ, ಮೂರು ಚುಕ್ಕೆ. ಆ ಪುಸ್ತಕ ಕುರುಗೋಡಿಗೆ ಏನು, ಊರೂರು ತಿರುಗಿ ಬಂದಿದ್ದರೂ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಭದ್ರತೆಯ ಬಗ್ಗೆ ಮೂರು ವರ್ಷ ಓದಿದ ನಾನು ಒಂದು ವಾರ ಕೂತು ಅದನ್ನು ಬಿಡಿಸಿ, ಹೆಸರು ಬರೆದು, ವ್ಯತ್ಯಾಸದ ಪ್ರಕಾರ ಜೋಡಿಸಿಟ್ಟಿದ್ದೆ.

ಶನಿವಾರ ಹತ್ತು ಗಂಟೆಗೆ ಗಿರಿಜತ್ತೆಯ ದನಿ ಓಣಿಯ ತುದಿಯಲ್ಲಿ ಕೇಳಿಸಿತು. ಬಂದವರು ಕಾಲು ತೊಳೆದು, ನಡುಮನೆಯಲ್ಲಿ ಕೂತು, ಚಾ ಕುಡಿದು, ಒಗ್ಗರಣೆ ಮಂಡಕ್ಕಿ ತಿಂದು, ಮಿರ್ಚಿಗೆ ಉಪ್ಪು ಕಡಿಮೆಯೆಂದರು. ಮಗುವಿನ ಹಲ್ಲು, ಬಸ್ಸಿನ ಗದ್ದಲ, ಬಿಸಿಲು ಎಲ್ಲದರ ಮಾತು ಆಯಿತು. ಅವ್ವ ಹೊಲಿಗೆಯಂತ್ರದ ಪಕ್ಕದಲ್ಲಿ ನಿಂತೇ ಇದ್ದಳು. ನಾನು ಬಾಗಿಲ ಮರೆಯಲ್ಲಿದ್ದೆ. ಕೊನೆಗೆ ಅವರು ಎಲೆಅಡಿಕೆಯ ಸಂಚಿ ಬಿಚ್ಚಿ, ಅಡಿಕೆ ಸುಣ್ಣದ ನಡುವಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮುಂದಿಟ್ಟರು. ಅವ್ವ ಏನೋ ಹೇಳಲು ಬಾಯಿ ತೆರೆದಳು. ಗಿರಿಜತ್ತೆ ಕೈ ಎತ್ತಿ ತಡೆದರು.

"ನನಗೇನ ಹುಚ್ಚ ಹಿಡದೈತೇನು ಪಾರ್ವತಿ? ಮೂವತ್ತಾರರ ಜಂಪರ್ ನನ್ನ ಮೊಣಕೈ ದಾಟಂಗಿಲ್ಲ ಅಂತ ನನಗ ಗೊತ್ತಿಲ್ಲೇನು? ನೀ ಹೇಳ್ತಿದ್ದಿ, ನಾ ಕೇಳ್ತಿದ್ದೆ. ಇಬ್ಬರಿಗೂ ಚಲೋ ಇತ್ತು." ಆಮೇಲೆ ಬಾಗಿಲ ಕಡೆ ತಿರುಗಿದರು. "ಏನವ್ವಾ ಮೇಡಮ್ಮಾ, ಹೊರಗ ಬಾ. ನಡುವ ನೀ ಬಂದು ಅದನ್ನ ಕಳದು ಬರದಿಟ್ಟಿಯಲ್ಲ, ಐದು ಅಂತ. ನಿನ್ನ ಯಾರ ಕೇಳಿದ್ರು?"

ಯಾರೂ ಕೇಳಿರಲಿಲ್ಲ ಎಂಬುದೇ ನಿಜವಾದ ಉತ್ತರ.

ಅವ್ವನ ಭಯ ಬೇರೆಯೇ ಇತ್ತು. ಪಟ್ಟಿಯಲ್ಲಿ ಕುರುಗೋಡಿನವರೇ ಇಪ್ಪತ್ತು ಜನರಿದ್ದರು. ಗಿರಿಜತ್ತೆಯ ಎದುರು ಮನೆಯವರು, ಮಗ್ಗುಲು ಮನೆಯವರು, ಬೀಗರು. "ಅಕ್ಕಾರ, ಉಳದವರದು..." ಎಂದು ನಿಲ್ಲಿಸಿದಳು.

"ಯಾರ ಮುಂದ ಹೇಳ್ಲಿ?" ಎಂದರು ಗಿರಿಜತ್ತೆ. "ಹೇಳಬೇಕು ಅಂತ ಮೂರು ದಿನ ಒದ್ದಾಡೀನಿ. ಎದುರಮನಿಯಾಕಿದು ನಾಕು ಐತಿ. ಆದ್ರ ಪಟ್ಟಿ ತಗದ ಕೂಡಲೆ ಮ್ಯಾಲೆ ಕುಂತಾಕಿ ನಾನು. ಆಕಿದು ಹೇಳಬೇಕಂದ್ರ ಮೊದಲ ನಂದು ಹೇಳಬೇಕಲ್ಲ." ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅಳಿಸಿಯಾಗಿದೆ, ವೀಣಾ ಕೇಳುವ ಮೊದಲೇ ಅಳಿಸಿದಳು ಎಂದೂ ತಿಳಿಸಿದರು. ಪಟ್ಟಿಯ ಎರಡನೆಯ ಹೆಸರು ವೀಣಕ್ಕನದು. ಸೊಸೆಯದು ಈ ವಯಸ್ಸಿಗೇ ನಾಲ್ಕು ಎಂದು ಹೇಳುವಾಗ ಅತ್ತೆಯ ಮುಖದಲ್ಲಿ ಎಂದೂ ಕಾಣದ ವಾತ್ಸಲ್ಯವಿತ್ತು.

ಹೀಗೆ ಕುರುಗೋಡಿನ ಮಾನ ಉಳಿದದ್ದು ನನ್ನ ಜೋಡಣೆಯಿಂದಲೇ ಎಂದು ಒಂದು ಕ್ಷಣ ಅನಿಸಿತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡಿ ನಾನಲ್ಲ.

ಅಂದೇ ಮಧ್ಯಾಹ್ನ ಗಿರಿಜತ್ತೆಯ ಉಸ್ತುವಾರಿಯಲ್ಲಿ ಎಲ್ಲ ನಡೆಯಿತು. ನಾನು ಪಟ್ಟಿ ತೆರೆದು ಒಂದೊಂದೇ ಸಾಲು ಓದಿದೆ. ಅವ್ವ ಇನ್ನೂರು ಪುಟದ ಹೊಸ ಪುಸ್ತಕದಲ್ಲಿ ಎಲೆ, ಬೀಗದ ಕೈ, ಚುಕ್ಕೆಗಳನ್ನು ಬರೆದುಕೊಂಡಳು. ಅತ್ತೆ ತಮ್ಮ ಗಂಟೆಯ ಚಿತ್ರವನ್ನು ಮೊದಲ ಸಲ ನೋಡಿದರು. ಇದು ಯಾಕೆ ಗಂಟೆ ಎಂದರು. ದೇವಸ್ಥಾನದ್ದು ಎಂದಳು ಅವ್ವ, ತಲೆಯೆತ್ತದೆ. ಬರೆದು ಮುಗಿದ ಮೇಲೆ ನಾನು ಅವರೆದುರಿಗೇ ಕಡತ ಅಳಿಸಿದೆ. ಹೋಯಿತೇ ಎಂದು ಕೇಳಿದರು. ಕಸದ ಬುಟ್ಟಿಗೆ ಹೋಯಿತು ಎಂದೆ. ಕಸದ ಬುಟ್ಟಿಗೆ ಹೋದದ್ದನ್ನು ಆರಿಸಿಕೊಳ್ಳುವವರು ಇರುತ್ತಾರೆ, ಅದನ್ನೂ ಚೆಲ್ಲು ಎಂದರು. ಚೆಲ್ಲಿದೆ. ಭದ್ರತೆಯ ಬಗ್ಗೆ ನಾನು ಓದಿದ ಪುಟಗಳಲ್ಲೂ ಇದೇ ಮಾತಿತ್ತು, ಇನ್ನಷ್ಟು ಉದ್ದವಾಗಿ. ಪೆನ್‌ಡ್ರೈವುಗಳನ್ನೂ ಎರಡು ಸಲ ತೊಳೆಸಿದರು. ಸಂಜೆ ಹೊರಟಾಗ ಅವರ ಡಬ್ಬಿ ಅವರ ಜೊತೆ ಹೋಯಿತು. ಅವ್ವ ಅದನ್ನು ಬೋರಲು ಹಾಕಿ, ತಟ್ಟಿ, ಒಳಗೆ ಏನೂ ಇಲ್ಲವೆಂದು ನನಗೂ ತೋರಿಸಿ, ಆಮೇಲೆ ಮಂಡಕ್ಕಿ ಚೂಡಾ ತುಂಬಿದಳು.

ಸಿರಿಗೇರಿಯ ಇಪ್ಪತ್ತಾರು ಜಂಪರ್ ಗುರುವಾರಕ್ಕೆ ಮುಗಿದವು. ಹುಕ್ಕುಗಳನ್ನೆಲ್ಲ ನಾನು ಹಚ್ಚಿದೆ. ಒಂದರಿಂದ ಒಂದಕ್ಕೆ ಅಂತರ ಅಳೆದು, ಪೆನ್ಸಿಲಿನಿಂದ ಗುರುತು ಮಾಡಿ ಹಚ್ಚಿದ್ದರಿಂದ ಅವ್ವ ಹಚ್ಚುವುದರ ಮೂರು ಪಟ್ಟು ಹೊತ್ತು ಹಿಡಿಯಿತು. ಯಾರೂ ಹೊಗಳಲಿಲ್ಲ. ಆಮೇಲೆ ನಾಲ್ಕು ತಿಂಗಳಾಗಿವೆ, ಕಂಪ್ಯೂಟರಿನಲ್ಲಿ ಸುರುಳಿಯದೇ ಇದೆ. ಬದಲಿಸಬೇಕೆಂದು ಎರಡು ಭಾನುವಾರ ಅನಿಸಿತು. ಬೆನ್ನು ನೆಟ್ಟಗೆ ಮಾಡಿ ಕೂತೂ ಬಿಟ್ಟೆ. ಅಡುಗೆಮನೆಯಿಂದ ಏನೂ ಕೇಳಿಬರಲಿಲ್ಲ. ಆ ಮೌನಕ್ಕೆ ಹೆದರಿ ಎದ್ದೆ. ಅವ್ವ ನನಗೊಂದು ಹೊಸ ಡಬ್ಬಿ ತಂದುಕೊಟ್ಟಿದ್ದಾಳೆ, ಪಾತ್ರೆ ಅಂಗಡಿಯವರಿಂದ ನನ್ನ ಹೆಸರು ಕೊರೆಸಿ. ಅದು ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಮೊನ್ನೆ ಅವ್ವ ಕೌಲ್‌ಬಜಾರಿಗೆ ಲೈನಿಂಗ್ ಬಟ್ಟೆ ತರಲು ಹೋದಾಗ, ನನ್ನ ಕುಪ್ಪಸದ ಒಂದು ಹುಕ್ಕು ಬಿಚ್ಚಿತೆಂದು ಸೂಜಿ ಹುಡುಕಲು ಯಂತ್ರದ ಸೆಳೆಖಾನೆ ತೆರೆದೆ. ಹೊಸ ಪುಸ್ತಕ ಅಲ್ಲೇ ಇತ್ತು. ನೋಡಬಾರದಿತ್ತು, ನೋಡಿದೆ. ಹೇಗೂ ಚಿತ್ರಗಳಷ್ಟೇ ಅಲ್ಲವೇ? ನಾನೇ ಓದಿ ಬರೆಸಿದ್ದರಿಂದ ಎಲ್ಲವೂ ಪರಿಚಯದವೇ. ಕೊನೆಯ ಪುಟದಲ್ಲಿ ಮಾತ್ರ ಒಂದು ಹೊಸ ಚಿತ್ರ ಕಂಡಿತು. ಮುಚ್ಚಳ ಬಿಗಿಯಾಗಿ ಹಾಕಿದ ಒಂದು ಸಣ್ಣ ಡಬ್ಬಿ. ಅದು ಯಾರೆಂದು ಯೋಚಿಸಬೇಕಾಗಲಿಲ್ಲ. ಅದರ ಮುಂದೆ ಎರಡು ಅಂಕೆಗಳಿದ್ದವು, ಒಂದಕ್ಕೆ ಸುತ್ತು ಹಾಕಿತ್ತು. ನಾನು ಎಂ.ಎಸ್ಸಿ. ಸೇರಿದಾಗಿನಿಂದ ಒಂದು ಜಂಪರೂ ಬಿಗಿಯಾಗದೆ ಇದ್ದದ್ದರ ಕಾರಣ ಆಗ ತಿಳಿಯಿತು. ಪುಸ್ತಕವನ್ನು ಇದ್ದ ಹಾಗೆಯೇ ಇಟ್ಟು, ಸೆಳೆಖಾನೆ ಮುಚ್ಚಿ, ಹುಕ್ಕನ್ನು ಸಡಿಲವಾಗುವಂತೆ ಸ್ವಲ್ಪ ಈಚೆಗೆ ಸರಿಸಿ ಹಚ್ಚಿಕೊಂಡೆ. ನನ್ನ ಅಳತೆ ಮೂವತ್ತೆರಡು.